ಮಗನಿಗೆ ಕೊಟ್ಟ ಮಾತು, ಬ್ಲ್ಯಾಕ್ ಟಿಕೆಟಿನ ಬೆಲೆ

ಪ್ರಶ್ನೆ: ನಾನು ದಾವಣಗೆರೆಯವನು. ಚಿಕ್ಕದೊಂದು ಜೆರಾಕ್ಸ್ ಅಂಗಡಿ ಇದೆ. ಏಳನೇ ಕ್ಲಾಸಿನಲ್ಲಿ ಓದುವ ಮಗನಿಗೆ ಆರ್‌ಸಿಬಿ ಅಂದರೆ ಪ್ರಾಣ. ಒಳ್ಳೆಯ ಮಾರ್ಕ್ಸ್ ತೆಗೆದರೆ ಚಿನ್ನಸ್ವಾಮಿ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅವನು ಮಾರ್ಕ್ಸ್ ತೆಗೆದ. ಟಿಕೆಟ್ ಬಿಟ್ಟ ದಿನ ಅಂಗಡಿ ಮುಚ್ಚಿ ಮೊಬೈಲ್ ಹಿಡಿದು ಕೂತರೂ ಸರದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಟೆಲಿಗ್ರಾಂನಲ್ಲಿ ಒಬ್ಬರು ಸಿಕ್ಕರು. 2,300 ರೂಪಾಯಿಯ ಟಿಕೆಟ್‌ಗೆ 11 ಸಾವಿರ ಕೇಳಿದರು. ಎರಡು ಟಿಕೆಟ್‌ಗೆಂದು 5 ಸಾವಿರ ಅಡ್ವಾನ್ಸ್ ಕಳಿಸಿದ್ದೇನೆ. ಉಳಿದದ್ದನ್ನು ಎರಡು ದಿನದೊಳಗೆ ಕೊಡಬೇಕಂತೆ. ಹೆಂಡತಿ ಫೀಸಿಗೆಂದು ಎತ್ತಿಟ್ಟ ಚೀಟಿ ಹಣ ಮನೆಯಲ್ಲಿದೆ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ. ಮಗ ಸ್ಕೂಲಿನಿಂದ ಬರುವ ಹೊತ್ತಿಗೆ ಬೇಕೆಂದೇ ಅಂಗಡಿಯಲ್ಲಿ ಉಳಿದುಬಿಡುತ್ತೇನೆ. ನೇರವಾಗಿ ನಡೆದುಕೊಳ್ಳುವವರಿಗೆ ಈ ಕಾಲದಲ್ಲಿ ಟಿಕೆಟ್ ಸಿಗುವುದೇ ಇಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 11 ಸಾವಿರದ ಲೆಕ್ಕವಲ್ಲ. ಮಗ ಮನೆಗೆ ಬರುವ ಹೊತ್ತಿಗೆ ನೀವು ಅಂಗಡಿಯಲ್ಲೇ ಉಳಿಯುತ್ತೀರಿ ಎಂಬ ಮಾತು. ತಪ್ಪು ಮಾಡದವರು ಮುಖ ಮರೆಸಿಕೊಂಡು ಓಡಾಡುವಂತಾಗಿದೆ. ಮಗು ತನ್ನ ಪಾಲಿನ ಕೆಲಸ ಮಾಡಿ ತೋರಿಸಿದ ಮೇಲೆ ಅಪ್ಪನಾದವನು ಕೈಚೆಲ್ಲಬೇಕಾಗಿ ಬಂದಾಗ ಆಗುವ ಸಂಕಟ ಚಿಕ್ಕದಲ್ಲ. ಅದರಲ್ಲಿ ಅವಮಾನವಿದೆ, ಸಿಟ್ಟಿದೆ. ‘ದುಡ್ಡಿದ್ದವರಿಗೆ ಮಾತ್ರ ಎಲ್ಲ’ ಎಂಬ ಕಹಿಯೂ ಇದೆ. ಇದನ್ನೆಲ್ಲ ‘ಒಂದು ಮ್ಯಾಚ್‌ಗೆ ಇಷ್ಟೊಂದಾ’ ಎಂದು ಯಾರಾದರೂ ತಳ್ಳಿಹಾಕಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಿಮಗೆ ಅದು ಬರೀ ಮ್ಯಾಚ್ ಆಗಿರಲಿಲ್ಲ.

ಮನಸ್ಸಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಹಣದ ವಿಷಯ, ಏಕೆಂದರೆ ಅದಕ್ಕೆ ಹೊತ್ತು ಕಡಿಮೆ. ಉಳಿದ 17 ಸಾವಿರ ಕಳಿಸಬೇಡಿ. ಆ ವ್ಯಕ್ತಿಯ ಹತ್ತಿರ ನಿಜವಾಗಿ ಟಿಕೆಟ್ ಇದೆಯೋ ಇಲ್ಲವೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇದ್ದರೂ ಅದರಲ್ಲಿರುವ ಕ್ಯೂಆರ್ ಕೋಡ್‌ನ ಒಂದೇ ಚಿತ್ರವನ್ನು ನಾಲ್ಕು ಜನರಿಗೆ ಮಾರಬಹುದು. ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವರು ಒಳಗೆ ಹೋಗುತ್ತಾರೆ, ಉಳಿದವರ ಮೊಬೈಲ್ ನೋಡಿ ಸಿಬ್ಬಂದಿ ‘ಇದು ಆಗಲೇ ಬಳಕೆಯಾಗಿದೆ’ ಎನ್ನುತ್ತಾರೆ. ಆ ಮಾತನ್ನು ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳುವ ಸ್ಥಿತಿ ನಿಮಗೆ ಬರಬಾರದು.

ಆತನ ಜೊತೆ ಜಗಳ ಬೇಡ. ಮೆಸೇಜ್‌ಗಳನ್ನು, ಆತನ ನಂಬರು ಮತ್ತು ಯುಪಿಐ ಐಡಿಯನ್ನು, ಹಣ ಹೋದ ವಹಿವಾಟಿನ ಸಂಖ್ಯೆಯನ್ನು ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಇಂಥ ಚಾಟ್‌ಗಳು ಒಮ್ಮೆಲೇ ಅಳಿಸಿಹೋಗುತ್ತವೆ. ಆಮೇಲೆ, ಟಿಕೆಟ್ ಬೇಡ, ಅಡ್ವಾನ್ಸ್ ವಾಪಸ್ ಕೊಡಿ ಎಂದು ಒಂದೇ ಸಾಲು ಬರೆಯಿರಿ. ಹಣ ಹಿಂದಿರುಗಿಸುತ್ತೇನೆ ಎಂದು ಹೇಳಿ ಆತ ಕ್ಯೂಆರ್ ಕೋಡ್ ಕಳಿಸಿದರೆ ಅಥವಾ ಪಿನ್ ಹಾಕಿ ಎಂದರೆ ಅಲ್ಲಿಗೇ ನಿಲ್ಲಿಸಿ. ನಮ್ಮ ಖಾತೆಗೆ ಹಣ ಬರಲು ಪಿನ್ ಬೇಕಾಗುವುದಿಲ್ಲ, ಹೋಗಲು ಮಾತ್ರ ಬೇಕು. ‘ರೀಫಂಡ್ ಚಾರ್ಜ್’, ‘ಜಿಎಸ್‌ಟಿ’ ಎಂದು ಇನ್ನಷ್ಟು ಕೇಳಿದರೂ ಅಷ್ಟೇ. ಉತ್ತರ ಬರದಿದ್ದರೆ, ನಿಮ್ಮ ನಂಬರ್ ಬ್ಲಾಕ್ ಆದರೆ, ಕಾಯದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ತಿಳಿಸುತ್ತೀರೋ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಬ್ಲ್ಯಾಕ್‌ನಲ್ಲಿ ಕೊಳ್ಳಲು ಹೋಗಿದ್ದೆನಲ್ಲ, ಯಾವ ಮುಖ ಇಟ್ಟುಕೊಂಡು ಹೇಳಲಿ ಎಂಬ ಸಂಕೋಚ ಬೇಡ. ಆ ಸಂಕೋಚದಿಂದ ಬಾಯಿ ಮುಚ್ಚಿಕೊಂಡವರಿಂದಲೇ ಇಂಥವರ ವ್ಯಾಪಾರ ನಡೆಯುತ್ತದೆ.

ಇನ್ನು ನಿಮ್ಮ ಪ್ರಶ್ನೆ. ನೇರವಾಗಿ ನಡೆದುಕೊಳ್ಳುವವರಿಗೆ ಟಿಕೆಟ್ ಸಿಗುವುದೇ ಇಲ್ಲವೇ? ಸಿಗುತ್ತದೆ. ಆದರೆ ಕೇಳಿದವರಿಗೆಲ್ಲ ಸಿಗುವುದಿಲ್ಲ, ಕೇಳಿದ ದಿನವೇ ಸಿಗುವುದೂ ಇಲ್ಲ. ಚಿನ್ನಸ್ವಾಮಿ ನಮ್ಮ ದೇಶದ ದೊಡ್ಡ ಮೈದಾನಗಳ ಸಾಲಿನದಲ್ಲ. ಇರುವ ಸೀಟುಗಳಲ್ಲೂ ಕ್ರಿಕೆಟ್ ಸಂಸ್ಥೆಯ ಸದಸ್ಯರು, ಕ್ಲಬ್‌ಗಳು, ಪ್ರಾಯೋಜಕರು ಎಂದು ಒಂದು ಪಾಲು ಹೋಗುತ್ತದೆ. ಮಿಕ್ಕಿದ್ದಕ್ಕೆ ಇಡೀ ಕರ್ನಾಟಕ ಒಂದೇ ನಿಮಿಷಕ್ಕೆ ಕೈ ಚಾಚುತ್ತದೆ. ಅದರ ನಡುವೆ ಹತ್ತಾರು ಖಾತೆ ತೆರೆದುಕೊಂಡವರು, ಕಂಪ್ಯೂಟರ್ ಪ್ರೋಗ್ರಾಂ ಬಿಟ್ಟು ಸೀಟು ಹಿಡಿಯುವವರು ಸೇರಿಕೊಳ್ಳುತ್ತಾರೆ. ಕೋಲ್ಡ್‌ಪ್ಲೇ ತಂಡದ ಮುಂಬೈ ಕಾರ್ಯಕ್ರಮಕ್ಕೆ 2024ರ ಸೆಪ್ಟೆಂಬರ್ 22ರಂದು ಟಿಕೆಟ್ ಬಿಟ್ಟಾಗ 1.3 ಕೋಟಿಗೂ ಹೆಚ್ಚು ಮಂದಿ ಲಾಗಿನ್ ಆಗಿದ್ದರು ಎಂದು ಮಾರಾಟ ಮಾಡಿದ ಕಂಪನಿಯೇ ಹೇಳಿತು. 2,500 ರೂಪಾಯಿಯಿಂದ 35 ಸಾವಿರದವರೆಗಿದ್ದ ಟಿಕೆಟ್‌ಗಳನ್ನು ಬೇರೆ ತಾಣಗಳಲ್ಲಿ ಲಕ್ಷಗಳಿಗೆ ಇಟ್ಟಿದ್ದರು. ಪೊಲೀಸ್ ತನಿಖೆ ನಡೆಯಿತು, ಜಾರಿ ನಿರ್ದೇಶನಾಲಯ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಇಷ್ಟು ದೊಡ್ಡ ದಂಧೆಯ ಎದುರು ಅಂಗಡಿ ಮುಚ್ಚಿ ಕೂತ ಒಬ್ಬ ಅಪ್ಪನಿಗೆ ಸೀಟು ಸಿಗಲಿಲ್ಲ ಎಂದರೆ ಅದು ಆ ಅಪ್ಪನ ಸೋಲಾಗುವುದು ಹೇಗೆ? ಅಯರ್ಲೆಂಡ್‌ನಲ್ಲಿ ದೊಡ್ಡ ಕಾರ್ಯಕ್ರಮಗಳ ಟಿಕೆಟನ್ನು ನಿಗದಿತ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು 2021ರಲ್ಲಿ ಕಾನೂನು ತಂದೇ ನಿಷೇಧಿಸಿದರು. ನಮ್ಮಲ್ಲೂ ಅಂಥ ಬಿಗಿ ಕಾನೂನು ಬರಬೇಕು. ಅಲ್ಲಿಯವರೆಗೆ ಆ ಭಾರವನ್ನು ನೀವೊಬ್ಬರೇ ಹೊರಬೇಕಿಲ್ಲ.

ಒಂದು ವಿಷಯ ನಿಧಾನವಾಗಿ ಯೋಚಿಸಿ ನೋಡಿ. ಬ್ಲ್ಯಾಕ್‌ನಲ್ಲಿ ಮಾರುವವನು ನಿಮಗೆ ಮಾರಹೊರಟಿದ್ದು ಸೀಟನ್ನಷ್ಟೇ ಅಲ್ಲ. ‘ಈಗಲೇ ಕೊಟ್ಟುಬಿಟ್ಟರೆ ಮಗನ ಮುಂದೆ ತಲೆ ಎತ್ತಿ ನಿಲ್ಲಬಹುದು’ ಎಂಬ ನೆಮ್ಮದಿಯನ್ನು. ಆ ಹೆಚ್ಚುವರಿ ದುಡ್ಡು ಹೋಗುವುದು ಅದಕ್ಕೆ. ‘ಇನ್ನೊಬ್ಬರು ಕೇಳುತ್ತಿದ್ದಾರೆ, ಬೇಗ ಹೇಳಿ’ ಎಂದು ಆತ ಅವಸರಪಡಿಸುವುದೂ, ನಿಮಗೆ ಕೂತು ಯೋಚಿಸಲು ಬಿಡುವು ಸಿಗದಿರಲಿ ಎಂದೇ. ನೀವು ಮಗನಿಗೆ ಕೊಟ್ಟ ಮಾತನ್ನು ಮತ್ತೊಮ್ಮೆ ಓದಿಕೊಳ್ಳಿ, ನಿಮ್ಮ ಪತ್ರದಲ್ಲೇ ಇದೆ: ಕರೆದುಕೊಂಡು ಹೋಗುತ್ತೇನೆ. ಇದೇ ಪಂದ್ಯಕ್ಕೆ, ಇದೇ ವಾರ ಎಂದು ಅದರಲ್ಲಿಲ್ಲ. ಮಾತು ಮುರಿದಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೇ. ಇವೆರಡಕ್ಕೂ ಬಹಳ ವ್ಯತ್ಯಾಸವಿದೆ, ಮಕ್ಕಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ಹೇಳಬೇಕು. ನಾಳೆ ಅವನು ಬರುವ ಹೊತ್ತಿಗೆ ಮನೆಯಲ್ಲಿರಿ. ಸುತ್ತಿ ಬಳಸಿ ಹೇಳಬೇಡಿ. ‘ನೋಡಪ್ಪಾ, ಆವತ್ತು ಅಂಗಡಿ ಮುಚ್ಚಿ ಕೂತಿದ್ದೆ, ಸಿಗಲಿಲ್ಲ. ಆಮೇಲೆ ಬ್ಲ್ಯಾಕ್‌ನಲ್ಲಿ ತೆಗೆದುಕೊಳ್ಳೋಣ ಅಂತ ಹೊರಟೆ, ಅದು ಸರಿ ಕಾಣಲಿಲ್ಲ, ಬಿಟ್ಟೆ. ನಿನ್ನ ಮ್ಯಾಚ್ ಬಾಕಿ ಇದೆ, ಮರೆತಿಲ್ಲ.’ ಇಷ್ಟು ಸಾಕು. ಅವನು ಅಳಬಹುದು, ಬಾಗಿಲು ಹಾಕಿಕೊಳ್ಳಬಹುದು, ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ ಎನ್ನಬಹುದು. ಕೂಡಲೇ ಸಮಾಧಾನ ಮಾಡಲು ಬೇರೇನೋ ಕೊಡಿಸುತ್ತೇನೆ ಎನ್ನಬೇಡಿ. ಅವನ ಬೇಜಾರಿಗೂ ಜಾಗ ಬೇಕು. ನೀವು ಪಕ್ಕದಲ್ಲಿ ಕೂತಿರಿ.

ಅವನ ಮನಸ್ಸು ತಿಳಿಯಾದ ಮೇಲೆ ಮುಂದಿನ ಪ್ರಯತ್ನದಲ್ಲಿ ಅವನನ್ನೂ ಸೇರಿಸಿಕೊಳ್ಳಿ. ಆರ್‌ಸಿಬಿಯ ತವರಿನ ಪಂದ್ಯಗಳ ಟಿಕೆಟ್ ಎಲ್ಲವೂ ಒಂದೇ ದಿನ ಬಿಡುವುದಿಲ್ಲ, ಕಂತಿನಲ್ಲಿ ಬರುತ್ತವೆ. ಯಾವಾಗ ಎಂಬುದನ್ನು ತಂಡದ ಅಧಿಕೃತ ಪುಟಗಳಲ್ಲಿ ತಿಳಿಸುತ್ತಾರೆ. ಅದರ ಮೇಲೆ ಕಣ್ಣಿಡುವ ಕೆಲಸ ಅವನದಾಗಲಿ. ಖಾತೆ ತೆರೆಯುವುದು, ಫೋನ್ ನಂಬರ್ ಖಚಿತಪಡಿಸುವುದು, ಹೆಸರು ವಿಳಾಸ ತುಂಬುವುದು, ಇದೆಲ್ಲ ಹಿಂದಿನ ದಿನವೇ ಮುಗಿದಿರಲಿ. ಯಾವ ಬೆಲೆಯ ಸೀಟು ಎಂದು ಮೊದಲೇ ತೀರ್ಮಾನಿಸಿ, ಅದು ಸಿಗದಿದ್ದರೆ ಎರಡನೆಯದು ಯಾವುದು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಸೀಟಿನ ನಕ್ಷೆ ನೋಡಿಕೊಂಡು ಕೂತರೆ ಅಷ್ಟರಲ್ಲೇ ಕೈ ತಪ್ಪುತ್ತದೆ. ಹೆಂಡತಿ, ತಮ್ಮ, ಭಾವಮೈದುನ, ಯಾರಾದರೊಬ್ಬರು ಅವರವರ ಖಾತೆಯಿಂದ ನಿಮಗಾಗಿ ಪ್ರಯತ್ನಿಸಲಿ. ಇಬ್ಬರಿಗೂ ಸಿಕ್ಕಿಬಿಟ್ಟರೆ ಏನು ಮಾಡುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ಇದನ್ನು ಓದುತ್ತಿರುವ ಎಲ್ಲರೂ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಒಬ್ಬರು ಸೀಟು ಆರಿಸಿದ ಕೂಡಲೇ ಅದನ್ನು ಅವರ ಹೆಸರಿಗೆ ಕೆಲವು ನಿಮಿಷ ಹಿಡಿದಿಟ್ಟಿರುತ್ತಾರೆ. ಅವರ ಪೇಮೆಂಟ್ ಆಗದಿದ್ದರೆ ಆ ಸೀಟು ಮತ್ತೆ ಮಾರಾಟಕ್ಕೆ ಬರುತ್ತದೆ. ಹಾಗಾಗಿ ‘ಮುಗಿಯಿತು’ ಎಂದು ತೋರಿಸಿದ ಮೇಲೂ ಅರ್ಧ ಗಂಟೆ ಬಿಟ್ಟುಕೊಡಬೇಡಿ. ಮುಂದಿನ ದಿನಗಳಲ್ಲೂ ಆಗಾಗ ನೋಡುತ್ತಿರಿ. ಆಯೋಜಕರು ಕಾದಿಟ್ಟ ಸೀಟುಗಳು ಪಂದ್ಯ ಹತ್ತಿರವಾದಾಗ ಹೊರಬರುವುದುಂಟು. ಅದೇ ಕೋಲ್ಡ್‌ಪ್ಲೇ ಕಾರ್ಯಕ್ರಮಕ್ಕೆ ತಿಂಗಳುಗಳ ನಂತರ, ನವೆಂಬರ್‌ನಲ್ಲಿ, ತಲಾ 2,000 ರೂಪಾಯಿಯ ಒಂದಷ್ಟು ಟಿಕೆಟ್ ಬಿಟ್ಟರು. ಸೆಪ್ಟೆಂಬರ್‌ನಲ್ಲೇ ಗಾಬರಿಬಿದ್ದು ಲಕ್ಷ ಸುರಿಯದೆ ಕಾದವರಿಗೆ ಅದು ಇನ್ನೊಂದು ಅವಕಾಶವಾಯಿತು. ಯಾವ ಪಂದ್ಯಕ್ಕೆ ಹೋಗುವುದು ಎಂಬುದರಲ್ಲೂ ಸ್ವಲ್ಪ ಸಡಿಲವಾಗಿರಿ. ಚೆನ್ನೈ ಬರುವ ಭಾನುವಾರಕ್ಕೆ ಇರುವ ನೂಕುನುಗ್ಗಲು ವಾರದ ನಡುವಿನ ಬೇರೊಂದು ಪಂದ್ಯಕ್ಕೆ ಅಷ್ಟಿರಲಾರದು. ಮಗನಿಗೆ ನೋಡಬೇಕಿರುವುದು ಕೆಂಪು ಜೆರ್ಸಿಯವರನ್ನು. ಎದುರಾಳಿ ಯಾರು ಎಂಬುದು ಅವನಿಗೆ ಅಷ್ಟು ಮುಖ್ಯವೇ, ಕೇಳಿ ನೋಡಿ.

ಹಣ ಕಡಿತವಾಗಿ ಟಿಕೆಟ್ ಬರದಿದ್ದರೆ ಗಾಬರಿಯಲ್ಲಿ ಮತ್ತೆ ಮತ್ತೆ ಪಾವತಿ ಮಾಡಬೇಡಿ. ವಹಿವಾಟಿನ ಸಂಖ್ಯೆ ಇಟ್ಟುಕೊಂಡು ಮಾರಾಟಗಾರರಿಗೆ ಬರೆಯಿರಿ. ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಗೇಟಿನ ಹತ್ತಿರ ಹೇಗೋ ಸಿಗುತ್ತದೆ ಎಂದು ಮಗನನ್ನು ಕರೆದುಕೊಂಡು ಟಿಕೆಟ್ ಇಲ್ಲದೆ ರೈಲು ಹತ್ತಬೇಡಿ. 2025ರ ಜೂನ್ 4ರಂದು ಆರ್‌ಸಿಬಿಯ ಗೆಲುವಿನ ಸಂಭ್ರಮಕ್ಕೆಂದು ಬಂದವರಲ್ಲಿ 11 ಮಂದಿ ಅದೇ ಸ್ಟೇಡಿಯಂನ ಹೊರಗೆ ಕಾಲ್ತುಳಿತದಲ್ಲಿ ಜೀವ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಒಳಗೆ ಹೋಗುವುದು ಖಾತ್ರಿಯಿಲ್ಲದ ಜನ ಗೇಟಿನ ಮುಂದೆ ಸೇರಿದಾಗ ಏನಾಗಬಹುದು ಎಂದು ನಾವು ನೋಡಿದ್ದೇವೆ. ಟಿಕೆಟ್ ಕೈಯಲ್ಲಿದ್ದರೆ ಹೊರಡಿ, ಇಲ್ಲದಿದ್ದರೆ ಮನೆಯಲ್ಲಿ ಟಿವಿ ಮುಂದೆ ಒಟ್ಟಿಗೆ ಕೂತು ನೋಡಿ.

ಈ ಸೀಸನ್‌ನಲ್ಲಿ ಸಿಗದೇ ಹೋದರೆ? ಹಾಗೂ ಆಗಬಹುದು. ರಣಜಿ ಪಂದ್ಯ ಐಪಿಎಲ್‌ಗೆ ಬದಲಿ ಎಂದು ನಾನು ಹೇಳುವುದಿಲ್ಲ, ಮಗನೂ ಒಪ್ಪಲಾರ. ಆದರೆ ನಿಮ್ಮೂರಿಗೆ ಹತ್ತಿರದ ಶಿವಮೊಗ್ಗದಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ತಂಡ ಆಡಲು ಬರುತ್ತದೆ. ಸಾಮಾನ್ಯವಾಗಿ ಈ ಪಂದ್ಯಗಳಿಗೆ ಟಿಕೆಟ್ಟಿನ ಗೊಡವೆಯೇ ಇರುವುದಿಲ್ಲ. 2025ರ ಜನವರಿ ಕೊನೆಯಲ್ಲಿ ಹರಿಯಾಣ ವಿರುದ್ಧದ ರಣಜಿ ಪಂದ್ಯದಲ್ಲಿ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲೇ ಬ್ಯಾಟ್ ಮಾಡಿದರು. ಬೌಂಡರಿ ಗೆರೆಯ ಹತ್ತಿರ ಕೂತು ಚೆಂಡು ಬ್ಯಾಟಿಗೆ ತಾಗುವ ಸದ್ದು ಕೇಳಿಸಿಕೊಳ್ಳುವುದು ಬೇರೆಯದೇ ಖುಷಿ. ಕೊಟ್ಟ ಮಾತಿನ ಲೆಕ್ಕಕ್ಕೆ ಅದನ್ನು ಹಿಡಿಯಬೇಡಿ, ಕಾಯುವ ದಿನಗಳಿಗೆ ಇರಲಿ.

ಕೊನೆಯದಾಗಿ ನಿಮ್ಮ ಹೆಂಡತಿಯ ವಿಷಯ. 5 ಸಾವಿರ ಹೋದದ್ದನ್ನು ಅವರಿಗೆ ಹೇಳಿ, ಇವತ್ತೇ ಹೇಳಿ. ಅವರು ಬೈಯಬಹುದು, ಬೈಯಲಿ. ನಿಮ್ಮ ನಿದ್ದೆ ಕೆಡಿಸುತ್ತಿರುವುದರಲ್ಲಿ ಟಿಕೆಟ್ಟಿನದು ಅರ್ಧ, ಉಳಿದರ್ಧ ಈ ಗುಟ್ಟು. ಚೀಟಿ ಹಣ ಮುಟ್ಟಿಲ್ಲ ಎಂಬುದನ್ನೂ ಹೇಳಿ, ಅದು ಸಣ್ಣ ವಿಷಯವಲ್ಲ. ಹೇಳಿದ ಮೇಲೂ ನಿದ್ದೆ ಬರದಿದ್ದರೆ, ‘ನಾನು ಯಾವುದಕ್ಕೂ ಲಾಯಕ್ಕಲ್ಲ’ ಎಂಬ ಯೋಚನೆ ಬೇರೆ ವಿಷಯಗಳಿಗೂ ಹಬ್ಬುತ್ತಿದ್ದರೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ಗೆ ಕರೆ ಮಾಡಿ, ನಂಬರ್ 14416. ಉಚಿತ, ದಿನದ ಯಾವ ಹೊತ್ತಿನಲ್ಲಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಟಿಕೆಟ್ ಸಿಗಲಿಲ್ಲ ಎಂಬಲ್ಲಿಂದಲೇ ಮಾತು ಶುರು ಮಾಡಿ. ಅವರು ನಗುವುದಿಲ್ಲ.