ಒಂದೇ ಕಾಲು ಬಾತರೆ ಟೇಪು ಹಿಡಿಯಿರಿ

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಬೆಂಗಳೂರು ಬಸ್ಸಿಗೆ ಕಾಯುವವರ ನಡುವೆ ಸ್ಕ್ಯಾನ್ ಫಿಲ್ಮಿನ ಕವರು, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಫೈಲು ಹಿಡಿದವರು ಒಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಸುಮಾರು 300 ಕಿ.ಮೀ. ದಾರಿ ಕಾಲು ಇಳಿಬಿಟ್ಟು ಕೂತು, ಕಿಮೋ ಮುಗಿಸಿ ಹಾಗೆಯೇ ವಾಪಸು. ಊರಿಗೆ ಬಂದ ಮೇಲೆ ಕಾಲು ಬಾತರೆ ‘ಬಸ್ಸಿನಾಗ ಕುಂತಿದ್ದಕ್ಕ ಬಾವು ಬಂದೈತಿ ಬಿಡು’ ಎಂದು ಎಣ್ಣೆ ಕಾಯಿಸಿ ತಿಕ್ಕುವುದು ನಮ್ಮ ಕಡೆಯ ರೂಢಿ. ಎರಡೂ ಕಾಲು ಸಮನಾಗಿ ಬಾತಿದ್ದರೆ ಆ ಮಾತು ನಿಜವಿದ್ದೀತು. ಒಂದೇ ಕಾಲು ಬಾತಿದ್ದರೆ ಎಣ್ಣೆ ಬಟ್ಟಲು ಕೆಳಗಿಡಿ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಅಪಾಯವಿದೆ.

ಕ್ಯಾನ್ಸರಿಗೂ ಹೆಪ್ಪಿಗೂ ಏನು ಸಂಬಂಧ? ಗಾಯವಾದಾಗ ಮಾತ್ರ ರಕ್ತಕ್ಕೆ ತಾಗಬೇಕಾದ ‘ಟಿಶ್ಯೂ ಫ್ಯಾಕ್ಟರ್’ ಎಂಬ ಪ್ರೋಟೀನನ್ನು ಹಲವು ಕ್ಯಾನ್ಸರ್ ಕೋಶಗಳು ಮೈಮೇಲೇ ಹೊತ್ತಿರುತ್ತವೆ. ಹಾಗಾಗಿ ಗಾಯವಿಲ್ಲದೆಯೂ ರಕ್ತ ಗಟ್ಟಿಯಾಗತೊಡಗುತ್ತದೆ. ಗಡ್ಡೆಯಿಂದ ಕಳಚಿದ ಕೋಶ ಪ್ಲೇಟ್‌ಲೆಟ್‌ಗಳನ್ನು ಕಂಬಳಿಯಂತೆ ಹೊದ್ದು, ರೋಗನಿರೋಧಕ ಕೋಶಗಳ ಕಣ್ಣು ತಪ್ಪಿಸಿ ಇನ್ನೊಂದು ಅಂಗದಲ್ಲಿ ಬೀಡು ಬಿಡುವುದೂ ಉಂಟು. ಹಾಗಂತ ಹೆಪ್ಪು ತಡೆಯುವ ಔಷಧದಿಂದ ಕ್ಯಾನ್ಸರೇ ವಾಸಿಯಾಗುವುದಿಲ್ಲ. ಮೇದೋಜೀರಕ ಗ್ರಂಥಿ, ಜಠರ, ಶ್ವಾಸಕೋಶ, ಅಂಡಾಶಯ, ಮೆದುಳಿನ ಕ್ಯಾನ್ಸರುಗಳಲ್ಲಿ ಈ ಅಪಾಯ ಹೆಚ್ಚು. ಸಿಸ್‌ಪ್ಲಾಟಿನ್‌ನಂಥ ಕಿಮೋ ಔಷಧ, ಆಪರೇಷನ್, ಔಷಧ ಹರಿಸಲು ತೋಳಿನ ರಕ್ತನಾಳಕ್ಕೆ ಹಾಕಿದ ಪಿಕ್ ಲೈನ್ ಎಂಬ ಕೊಳವೆ ಅದನ್ನು ಇನ್ನಷ್ಟು ಏರಿಸುತ್ತವೆ. ಪ್ಯಾರಿಸ್ಸಿನ ವೈದ್ಯ ಆರ್ಮಾಂಡ್ ಟ್ರೂಸೋ 1865ರಲ್ಲೇ ಈ ನಂಟಿನ ಬಗ್ಗೆ ಪಾಠ ಹೇಳಿದ್ದರು. 1867ರಲ್ಲಿ ಅವರದೇ ಎಡಗೈಯ ರಕ್ತನಾಳ ಬಾತಿತು. ಅದನ್ನು ನೋಡಿ ಅವರೇ ತಮ್ಮ ರೋಗವನ್ನು ಊಹಿಸಿದರು. ಅದೇ ವರ್ಷ ಜೂನ್‌ನಲ್ಲಿ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಮೊದಲ ಕೆಲಸ, ಅಳತೆ. ದರ್ಜಿ ಟೇಪು ಸಾಕು. ರೋಗಿಯನ್ನು ಕಾಲು ಚಾಚಿ ಕೂರಿಸಿ. ಮೊಣಕಾಲ ಚಿಪ್ಪಿನ ಕೆಳಗೆ ಮೂಳೆಯ ಉಬ್ಬೊಂದು ಕೈಗೆ ಸಿಗುತ್ತದೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ಪೆನ್ನಿನಿಂದ ಗೀರಿ, ಎರಡೂ ಮೀನಖಂಡಗಳ ಸುತ್ತಳತೆ ನೋಡಿ. ಟೇಪಿನ ಇಂಚಿನ ಮಗ್ಗುಲಲ್ಲ, ಸೆಂಟಿಮೀಟರಿನ ಮಗ್ಗುಲು. 3 ಸೆಂ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಅಂದೇ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗಬೇಕು. ಅಂತರ ಕಡಿಮೆಯಿದ್ದರೂ ನೋವು, ಬಿಸಿ, ಕೆಂಪು ಇದ್ದರೆ ಸುಮ್ಮನಿರಬೇಡಿ. ಪಿಕ್ ಲೈನ್ ಇರುವ ಕೈ ಬಾತರೂ ಇದೇ ಮಾತು.

ಕಿದ್ವಾಯಿಯವರು ಕೊಟ್ಟ ಮುಂದಿನ ತಾರೀಖಿಗೆ ಕಾಯುವುದು ನಾನು ಕಂಡ ದೊಡ್ಡ ತಪ್ಪು. ತಾಲ್ಲೂಕು ಆಸ್ಪತ್ರೆಗೆ ಹೋಗಿ, ಕೂತ ಕೂಡಲೇ ‘ಕ್ಯಾನ್ಸರ್ ಚಿಕಿತ್ಸೆ ನಡೆದಿದೆ’ ಎಂದು ಹೇಳಿ ಫೈಲು ಮುಂದಿಡಿ. ‘ಕಾಲುನೋವು’ ಎಂದಷ್ಟೇ ಹೇಳಿದರೆ ನೋವಿನ ಗುಳಿಗೆ ಬರೆದು ಕಳಿಸಿಬಿಡಬಹುದು. ಡಾಪ್ಲರ್ ಅಲ್ಲಿ ಆಗದಿದ್ದರೆ ಹೊಸಪೇಟೆ ಇಲ್ಲವೇ ಬಳ್ಳಾರಿ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಕೆಮ್ಮಿದರೆ ರಕ್ತ, ತಲೆಸುತ್ತಿ ಬೀಳುವುದು ಕಂಡರೆ ಟೇಪು ಹುಡುಕಬೇಡಿ, 108ಕ್ಕೆ ಫೋನ್ ಮಾಡಿ.

ಹೆಪ್ಪು ಖಚಿತವಾದರೆ ಎನಾಕ್ಸಪರಿನ್ ಇಂಜೆಕ್ಷನ್ ಅಥವಾ ಅಪಿಕ್ಸಬಾನ್, ರಿವರಾಕ್ಸಬಾನ್ ಗುಳಿಗೆ ಬರೆಯುತ್ತಾರೆ. ಸಾಮಾನ್ಯವಾಗಿ 3ರಿಂದ 6 ತಿಂಗಳು, ಕ್ಯಾನ್ಸರ್ ಇನ್ನೂ ಇದ್ದರೆ ಮುಂದಕ್ಕೂ. ಜಠರ, ಕರುಳಿನ ಗಡ್ಡೆ ಇದ್ದವರಲ್ಲಿ ಗುಳಿಗೆಯಿಂದ ರಕ್ತಸ್ರಾವ ಹೆಚ್ಚಾಗಬಹುದು, ಅದಕ್ಕೇ ಅವರಿಗೆ ಸೂಜಿ. ಮನೆಯಲ್ಲೇ ಚುಚ್ಚುವುದಾದರೆ ಹೊಕ್ಕುಳಿಂದ ಮೂರು ಬೆರಳು ದೂರ ಹೊಟ್ಟೆಯ ಚರ್ಮ ಹಿಡಿದೆತ್ತಿ, ಸೂಜಿ ನೆಟ್ಟಗೆ ಇಳಿಸಿ. ತುಂಬಿಸಿಯೇ ಬರುವ ಸಿರಿಂಜಿನೊಳಗಿನ ಗಾಳಿಗುಳ್ಳೆ ತೆಗೆಯಬೇಡಿ, ಚುಚ್ಚಿದ ಮೇಲೆ ಉಜ್ಜಬೇಡಿ. ಇಂದು ಎಡಕ್ಕಾದರೆ ನಾಳೆ ಬಲಕ್ಕೆ. ಫ್ರೀಜರಿನಲ್ಲಿ ಇಡುವಂತಿಲ್ಲ. ಕಿಮೋದಿಂದ ಪ್ಲೇಟ್‌ಲೆಟ್ 50,000ಕ್ಕಿಂತ ಇಳಿದರೆ ಡೋಸು ಬದಲಾಗಬೇಕಾಗುತ್ತದೆ, ಆದ್ದರಿಂದ ಪ್ರತಿ ರಕ್ತಪರೀಕ್ಷೆಯ ಚೀಟಿ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್, ಬ್ರೂಫೆನ್ ತಂದು ನುಂಗುವುದು ಬೇಡ. ಮಲ ಡಾಂಬರಿನಂತೆ ಕಪ್ಪಾದರೆ ತಕ್ಷಣ ಹೋಗಿ.

ಇನ್ನು ಪ್ರಯಾಣ. ರಾತ್ರಿ ಬಸ್ಸಿನಲ್ಲಿ ಎಲ್ಲಿ ಇಳಿಯುವುದು ಎಂಬ ಸಂಕೋಚಕ್ಕೆ ನಮ್ಮ ಹೆಣ್ಣುಮಕ್ಕಳು ಮಧ್ಯಾಹ್ನದಿಂದಲೇ ನೀರು ಬಿಟ್ಟಿರುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ಹೆಪ್ಪಿಗೆ ಇನ್ನಷ್ಟು ಅನುಕೂಲ. ನೀರು ಕುಡಿಸಿ, ಬಸ್ಸಿನ ನಡುದಾರಿಯ ಬದಿಯ ಸೀಟು ಹಿಡಿಸಿ, ಬಸ್ಸು ಚಹಾಕ್ಕೆ ನಿಂತಾಗಲೆಲ್ಲ ನಾಲ್ಕು ಹೆಜ್ಜೆ ನಡೆಸಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ. ಇದಕ್ಕಿಂತ ಒಳ್ಳೆಯದು ಹೊಸಪೇಟೆಯಿಂದ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್, ಕಾಲು ಚಾಚಿ ಮಲಗಬಹುದು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರೊಬ್ಬರಿಗೆ ಶೇ 75. ರೈಲ್ವೆಯ ಫಾರಂಗೆ ಆಸ್ಪತ್ರೆಯ ಡಾಕ್ಟರ ಸಹಿ, ಸೀಲು ಬೇಕು. ಹಿಂದಿನ ಸಲ ಹೋದಾಗಲೇ ಬರೆಸಿಕೊಂಡಿರಬೇಕು. ಊರಿಗೆ ಬಂದ ಮೇಲೆ ನೆನಪಾದರೆ ಮತ್ತದೇ ರಾತ್ರಿ ಬಸ್ಸು.