ದಿನ ತುಂಬದ ಕೂಸು: ಆಸ್ಪತ್ರೆಯಲ್ಲೂ ಮನೆಯಲ್ಲೂ ಅಮ್ಮನೇ ಅರ್ಧ ಚಿಕಿತ್ಸೆ

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತೇವೆ. 2020ರಲ್ಲಿ ನಮ್ಮ ದೇಶದಲ್ಲಿ ಸುಮಾರು 30 ಲಕ್ಷ ಮಕ್ಕಳು ಹೀಗೆ ಹುಟ್ಟಿದವು. ಬೇರಾವ ದೇಶದಲ್ಲೂ ಇಷ್ಟಿಲ್ಲ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಥ ಮಕ್ಕಳ ಮನೆಯವರವೇ. ಹಲವರದ್ದು ಒಂದೇ ಆತಂಕವಾದ್ದರಿಂದ ಕೆಲವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಹೆಂಡತಿಗೆ 30ನೇ ವಾರಕ್ಕೇ ಹೆರಿಗೆಯಾಯಿತು. ಮಗು ಒಂದೂಕಾಲು ಕೆ.ಜಿ. ಹುಟ್ಟಿದಾಗ ಅತ್ತಿತು, ಸ್ವಲ್ಪ ಹೊತ್ತಿಗೇ ಏದುಸಿರು, ನರಳಾಟ ಶುರುವಾಯಿತು. ಈಗ ಮೂಗಿಗೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸಿದ್ದಾರೆ. ಒಮ್ಮೆ ಯಂತ್ರ ಹಾಕಿದರೆ ಮಗುವಿಗೆ ಅದೇ ಅಭ್ಯಾಸವಾಗುತ್ತದೆ ಎನ್ನುತ್ತಾರೆ ನೆಂಟರು. ನಿಜವೇ ಡಾಕ್ಟರೇ?
— ತಂದೆ, ಹಾವೇರಿ

ಉತ್ತರ: ನಿಜವಲ್ಲ. ಶ್ವಾಸಕೋಶದ ತುಂಬ ಪುಟ್ಟ ಗಾಳಿಚೀಲಗಳಿವೆ. ಉಸಿರು ಬಿಟ್ಟಾಗ ಅವು ಮುದುಡಿ ಅಂಟಿಕೊಳ್ಳದಂತೆ ನೋಡಿಕೊಳ್ಳುವುದು ಸರ್ಫಾಕ್ಟಂಟ್ ಎಂಬ ಜಿಡ್ಡಿನ ಪದಾರ್ಥ. 34-35ನೇ ವಾರದ ಹೊತ್ತಿಗೆ ಅದು ಸಾಕಷ್ಟು ತಯಾರಾಗುತ್ತದೆ, ನಿಮ್ಮ ಮಗುವಿನಲ್ಲಿ ಇನ್ನೂ ಕಡಿಮೆ. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಬಾಯಿ ಬಿಡಿಸುವುದು ಎಷ್ಟು ಕಷ್ಟವೋ, ಮುಚ್ಚಿಕೊಂಡ ಗಾಳಿಚೀಲಗಳನ್ನು ಪ್ರತಿ ಉಸಿರಿಗೂ ಬಿಡಿಸುವುದು ಆ ಮಗುವಿಗೆ ಅಷ್ಟೇ ಕಷ್ಟ. ನೀವು ಕಂಡ ಏದುಸಿರು, ನರಳಾಟ ಆ ಶ್ರಮದ್ದೇ.

ನೀವು ಹೇಳುವ ಯಂತ್ರ ಬಹುಶಃ ಸಿ-ಪ್ಯಾಪ್. ಉಸಿರಾಡುವುದು ಮಗುವೇ. ಗಾಳಿಚೀಲ ಮುಚ್ಚಿಕೊಳ್ಳದಷ್ಟು ಒತ್ತಡವನ್ನು ಮಾತ್ರ ಯಂತ್ರ ಕೊಡುತ್ತದೆ. ಅದೂ ಸಾಲದಿದ್ದರೆ ಸರ್ಫಾಕ್ಟಂಟನ್ನೇ ಔಷಧಿಯಾಗಿ ಶ್ವಾಸನಾಳಕ್ಕೆ ಹಾಕುತ್ತೇವೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಮಗುವಿನ ಮೈಯೇ ಅದನ್ನು ತಯಾರಿಸಲು ತೊಡಗುತ್ತದೆ, ಯಂತ್ರದ ನೆರವನ್ನು ಹಂತಹಂತವಾಗಿ ಇಳಿಸುತ್ತೇವೆ.

ಮಗುವಿನ ಪಾದಕ್ಕೆ ಸುತ್ತಿದ ಕೆಂಪು ದೀಪದ ಪಟ್ಟಿಯನ್ನು ನೋಡಿರುತ್ತೀರಿ. ಅದು ರಕ್ತದ ಆಮ್ಲಜನಕವನ್ನು ಅಳೆಯುತ್ತದೆ. ಆಮ್ಲಜನಕ ಕೊಡುತ್ತಿರುವಾಗ ಆ ಅಂಕಿ 90ರಿಂದ 95ರ ನಡುವೆ ಇರಲಿ ಎಂದೇ ನಾವು ಬಯಸುತ್ತೇವೆ. '100 ಯಾಕಿಲ್ಲ' ಎಂದು ಚಿಂತಿಸಬೇಡಿ. ಆಮ್ಲಜನಕ ಹೆಚ್ಚಾದರೆ ಈ ಮಕ್ಕಳ ಕಣ್ಣಿಗೆ ಅಪಾಯ.

ಗರ್ಭಿಣಿಯರಿರುವ ಮನೆಯವರಿಗೆ ಒಂದು ಮಾತು. 24ರಿಂದ 34 ವಾರದ ನಡುವೆ ನೋವು ಕಾಣಿಸಿಕೊಂಡರೆ ಅಥವಾ ನೆತ್ತಿನೀರು ಹೋದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಹೆರಿಗೆಗೆ ಮೊದಲು ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಮಗುವಿನ ಶ್ವಾಸಕೋಶವನ್ನು ಬೇಗ ಬಲಿಸುತ್ತದೆ. ಬೆಲೆ ಕಡಿಮೆ, ಉಳಿಸುವ ಜೀವಗಳು ಬಹಳ.

ಪ್ರಶ್ನೆ: ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತ ನಮ್ಮ ಕಡೆ ಮಾತಿದೆ. ಮೊಮ್ಮಗಳು ಎಂಟನೇ ತಿಂಗಳಲ್ಲಿ ಹುಟ್ಟಿದ್ದಾಳೆ. ಮನಸ್ಸಿಗೆ ಸಮಾಧಾನವೇ ಇಲ್ಲ.
— ಅಜ್ಜಿ, ತೀರ್ಥಹಳ್ಳಿ

ಉತ್ತರ: ಈ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ ಅಮ್ಮಾ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಬಲವೇ. 34 ವಾರದ ಮಗುವಿನ ಶ್ವಾಸಕೋಶ, ಕರುಳು, ಮಿದುಳು ಎಲ್ಲವೂ 30 ವಾರದ ಮಗುವಿನದ್ದಕ್ಕಿಂತ ಬಲಿತಿರುತ್ತವೆ. ಆದರೆ 'ಎಂಟು ತಿಂಗಳಾಗಿದೆ, ನೋಡಲು ಚೆನ್ನಾಗಿದೆ' ಎಂದು ಮೈಮರೆಯುವುದೂ ಬೇಡ. ಈ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ, ಕಾಮಾಲೆ ಹೆಚ್ಚು. ಹಾಲು ಕುಡಿಯುತ್ತಲೇ ಸುಸ್ತಾಗಿ ನಿದ್ದೆಹೋಗುತ್ತವೆ. ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಿ.

ಪ್ರಶ್ನೆ: ಮಗುವನ್ನು ಎದೆಗೆ ಹಚ್ಚಲು ಬಿಡುತ್ತಿಲ್ಲ. ಹಾಲು ಹಿಂಡಿ ಕೊಡಿ ಎನ್ನುತ್ತಾರೆ. ಹಿಂಡಿದರೆ ಬರುವುದು ನಾಲ್ಕು ಹನಿ. ಇದರಿಂದ ಏನು ಪ್ರಯೋಜನ? ಡಬ್ಬಿ ಹಾಲು ಕೊಡಬಾರದೇ?
— ಬಾಣಂತಿ, ಸಿಂಧನೂರು

ಉತ್ತರ: ಆ ನಾಲ್ಕು ಹನಿಯೇ ಔಷಧಿ. ಮೊದಲ ದಿನಗಳ ಗಿಣ್ಣುಹಾಲಿನಲ್ಲಿ ರೋಗನಿರೋಧಕ ಅಂಶಗಳು ತುಂಬಿರುತ್ತವೆ. ದಿನ ತುಂಬದ ಮಗುವಿನ ಕರುಳು ತೀರಾ ನಾಜೂಕು. ಕೆಲವು ಮಕ್ಕಳಲ್ಲಿ ಕರುಳಿನ ಗೋಡೆಯೇ ಉರಿತಗೊಂಡು ಸಾಯುವ ಎನ್‌ಇಸಿ ಎಂಬ ಕಾಯಿಲೆ ಬರುತ್ತದೆ, ಜೀವಕ್ಕೂ ಅಪಾಯ ತರುತ್ತದೆ. ಡಬ್ಬಿ ಹಾಲು ಕುಡಿದ ಮಕ್ಕಳಲ್ಲಿ ಅದು ಹೆಚ್ಚು, ತಾಯಿಹಾಲು ಕುಡಿದವರಲ್ಲಿ ಕಡಿಮೆ.

ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಮಗುವಿಗೆ ಸುಮಾರು 34 ವಾರ ತುಂಬಬೇಕು. ಅಲ್ಲಿಯವರೆಗೆ ಬಾಯಿ ಅಥವಾ ಮೂಗಿನಿಂದ ಹೊಟ್ಟೆಗಿಳಿಸಿದ ಸಣ್ಣ ಕೊಳವೆಯಲ್ಲಿ ನಿಮ್ಮ ಹಾಲು ಹೋಗುತ್ತದೆ. ಆಮೇಲೆ ಒಳಲೆಯಲ್ಲಿ, ನಂತರ ಎದೆಯಿಂದ. ಬಾಟಲಿ ಬೇಡ.

ಹಾಲು ಬರಲು ದಾರಿ ಒಂದೇ, ಹಿಂಡುತ್ತಿರುವುದು. ಹೆರಿಗೆಯಾದ ಮೊದಲ ಗಂಟೆಗಳಲ್ಲೇ ಶುರುಮಾಡಿ, ದಿನಕ್ಕೆ ಎಂಟು ಬಾರಿಯಾದರೂ, ರಾತ್ರಿಯೂ ಒಮ್ಮೆ. ಮೊದಮೊದಲು ಹನಿ ಬರುತ್ತದೆ, ಬಿಡದೆ ಹಿಂಡಿದರೆ ಬಟ್ಟಲು ತುಂಬುತ್ತದೆ. ಅಷ್ಟಾದರೂ ಸಾಲದಿದ್ದರೆ ತಾಯಿಹಾಲಿನ ಬ್ಯಾಂಕ್ ಇದೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 'ಅಮೃತಧಾರೆ' ಇದೆ. ಇಂಥ ಬ್ಯಾಂಕುಗಳಲ್ಲಿ ಬೇರೆ ತಾಯಂದಿರು ಕೊಟ್ಟ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಸುರಕ್ಷಿತಗೊಳಿಸುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಸೌಲಭ್ಯವಿದೆಯೇ ಕೇಳಿ.

ಪ್ರಶ್ನೆ: ನರ್ಸ್ ಮಗುವನ್ನು ಬಟ್ಟೆಯಿಲ್ಲದೆ ಎದೆಗೆ ಕಟ್ಟಿಕೊಂಡು ಕೂರು ಎನ್ನುತ್ತಾರೆ. ಯಂತ್ರದೊಳಗೆ ಬೆಚ್ಚಗಿದ್ದ ಮಗುವಿಗೆ ಥಂಡಿಯಾಗುವುದಿಲ್ಲವೇ, ನನ್ನಿಂದ ಸೋಂಕು ತಗಲುವುದಿಲ್ಲವೇ?
— ತಾಯಿ, ಗಂಗಾವತಿ

ಉತ್ತರ: ಇದು ಕಾಂಗರೂ ತಾಯಿ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಾದಾಗ ಡಾ. ಎಡ್ಗರ್ ರೇ ಆರಂಭಿಸಿದ್ದು. ಇಂದು ಯಂತ್ರವಿರುವ ಕಡೆಯೂ ಇದೇ ಉತ್ತಮ. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಐದು ದೇಶಗಳಲ್ಲಿ ನಡೆಯಿತು, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. ಹುಟ್ಟಿದ ಕೂಡಲೇ ಎದೆಗೊರಗಿಸಿದ ಮಕ್ಕಳಲ್ಲಿ ಮೊದಲ 28 ದಿನದ ಸಾವು ಕಾಲು ಭಾಗದಷ್ಟು ಇಳಿಯಿತು. ಮೈ ತಣ್ಣಗಾಗುವುದೂ, ಸೋಂಕಿನ ಶಂಕೆಯೂ ಕಡಿಮೆಯಾದವು. ನಿಮ್ಮ ಎರಡೂ ಭಯಕ್ಕೆ ಉತ್ತರ ಅಲ್ಲೇ ಇದೆ. ನಿಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದ ಜೊತೆಗೂಡಿ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೂ ಹಬ್ಬಿಸಿದೆ.

ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಅಷ್ಟೇ ಸಾಕು. ಎರಡು ಸ್ತನಗಳ ನಡುವೆ ನೆಟ್ಟಗೆ, ಎದೆಗೆ ಎದೆ ತಾಗುವಂತೆ ಒರಗಿಸಿಕೊಳ್ಳಿ. ಕೈಕಾಲು ಕಪ್ಪೆಯಂತೆ ಮಡಿಚಿರಲಿ, ಮುಖ ಒಂದು ಪಕ್ಕಕ್ಕಿರಲಿ. ಉಸಿರಿಗೆ ತಡೆಯಾಗದಂತೆ ಗದ್ದ ತುಸು ಮೇಲಿರಲಿ. ಮೇಲೆ ಸೀರೆಯನ್ನೋ ಬಟ್ಟೆಯನ್ನೋ ಬಿಗಿಯಾಗಿ ಸುತ್ತಿ. ಎಂಟು ಗಂಟೆಗೆ ಕಡಿಮೆಯಿಲ್ಲದಂತೆ, ಸಾಧ್ಯವಾದರೆ ದಿನವಿಡೀ. ನಿಮಗೆ ಸುಸ್ತಾದಾಗ ಅಪ್ಪನ ಎದೆ, ಅಜ್ಜಿಯ ಎದೆಯೂ ಆದೀತು. ಗಂಡಸರು ಸಂಕೋಚಪಡುವುದು ಬೇಡ.

ಪ್ರಶ್ನೆ: ತಂಗಿಯ ಮಗು 31 ವಾರಕ್ಕೆ ಹುಟ್ಟಿ ಈಗ ಮನೆಗೆ ಬಂದಿದೆ. ಕಾರ್ಡಿನಲ್ಲಿ ಕಣ್ಣಿನ ಪರೀಕ್ಷೆಗೆ ದಿನಾಂಕ ಬರೆದಿದ್ದಾರೆ. ಕಣ್ಣು ಚೆನ್ನಾಗೇ ಕಾಣುತ್ತದೆ. ಬಾಣಂತಿಯನ್ನು ಅಷ್ಟು ದೂರ ಕರೆದೊಯ್ಯುವುದು ಕಷ್ಟ. ಮೂರು ತಿಂಗಳು ಕಳೆದ ಮೇಲೆ ಹೋದರಾಗದೇ?
— ಸೋದರಮಾವ, ಯಾದಗಿರಿ

ಉತ್ತರ: ಆಗದು. ದಯವಿಟ್ಟು ಆ ದಿನಾಂಕ ತಪ್ಪಿಸಬೇಡಿ. ಕಣ್ಣಿನ ಹಿಂಭಾಗದ ಅಕ್ಷಿಪಟಲದ ರಕ್ತನಾಳಗಳು ಗರ್ಭದಲ್ಲಿ ನಡುವಿನಿಂದ ಅಂಚಿನತ್ತ ಬೆಳೆಯುತ್ತಾ 40ನೇ ವಾರದ ಹೊತ್ತಿಗೆ ಪೂರ್ತಿಯಾಗುತ್ತವೆ. ಮಗು ಬೇಗ ಹುಟ್ಟಿದರೆ ಆ ಬೆಳವಣಿಗೆ ನಡುವೆಯೇ ನಿಂತು, ಆಮೇಲೆ ಅಡ್ಡಾದಿಡ್ಡಿಯಾಗಿ ಶುರುವಾಗಬಹುದು. ಆ ಹೊಸ ನಾಳಗಳು ಅಕ್ಷಿಪಟಲವನ್ನೇ ಎಳೆದು ಕಿತ್ತರೆ ಕುರುಡುತನ ಶಾಶ್ವತ. ಇದೇ ಆರ್‌ಒಪಿ. ಹೊರಗಿನಿಂದ ಕಣ್ಣು ಹೊಳೆಯುತ್ತಲೇ ಇರುತ್ತದೆ, ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ.

34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಪ್ರತಿ ಮಗುವಿಗೂ ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಅಥವಾ 1,200 ಗ್ರಾಂಗೂ ಕಡಿಮೆಯಿದ್ದರೆ ಎರಡು ಮೂರು ವಾರಕ್ಕೇ. ಕಣ್ಣಿಗೆ ಹನಿ ಹಾಕಿ, ರೆಪ್ಪೆ ಬಿಡಿಸಿ, ಬೆಳಕು ಬಿಟ್ಟು ನೋಡುತ್ತಾರೆ. ಮಗು ಕೆಲವು ನಿಮಿಷ ಅಳುತ್ತದೆ, ಅಷ್ಟೇ. ತೊಂದರೆ ಕಂಡರೆ ಲೇಸರ್ ಅಥವಾ ಇಂಜೆಕ್ಷನ್ ಚಿಕಿತ್ಸೆಯಿದೆ. ಆದರೆ ಅದಕ್ಕೆ ಸಿಗುವ ಸಮಯ ಎರಡು ಮೂರು ದಿನ ಮಾತ್ರ.

ದೂರದ ಊರುಗಳಿಗಾಗಿಯೇ 2008ರಲ್ಲಿ ನಾರಾಯಣ ನೇತ್ರಾಲಯ 'ಕಿಡ್‌ರಾಪ್' ಆರಂಭಿಸಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಬಂದು ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ನಿಮ್ಮ ಜಿಲ್ಲಾಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ (ಎಸ್‌ಎನ್‌ಸಿಯು) ವಿಚಾರಿಸಿ. ಒಮ್ಮೆ ನೋಡಿ 'ಸರಿಯಿದೆ' ಎಂದರೂ, ಮತ್ತೆ ಬನ್ನಿ ಎಂದ ದಿನ ಹೋಗಲೇಬೇಕು.

ಪ್ರಶ್ನೆ: ಮಗ ಎರಡೂವರೆ ತಿಂಗಳು ಮುಂಚೆ ಹುಟ್ಟಿದವನು. ಈಗ ಏಳು ತಿಂಗಳು, ಇನ್ನೂ ಕೂರುತ್ತಿಲ್ಲ. ಬುದ್ಧಿಗೆ ಏನಾದರೂ ಆಗಿದೆಯೇ?
— ತಾಯಿ, ಅರಸೀಕೆರೆ

ಉತ್ತರ: ಬೆಳವಣಿಗೆ ಅಳೆಯುವಾಗ ಎರಡು ವರ್ಷದವರೆಗೂ, ಮುಂಚೆ ಹುಟ್ಟಿದಷ್ಟು ದಿನ ಕಳೆಯಬೇಕು. ಆ ಲೆಕ್ಕದಲ್ಲಿ ನಿಮ್ಮ ಮಗನಿಗೆ ನಾಲ್ಕೂವರೆ ತಿಂಗಳು. ಕುತ್ತಿಗೆ ನಿಂತಿದ್ದರೆ, ಮುಖ ನೋಡಿ ನಗುತ್ತಿದ್ದರೆ ಹೆದರಬೇಡಿ. ಮುಷ್ಟಿ ಬಿಚ್ಚದಿದ್ದರೆ, ಕಾಲು ಸೆಟೆದು ಕತ್ತರಿಯಂತಾದರೆ, ಕಣ್ಣು ಕೂಡಿಸಿ ನೋಡದಿದ್ದರೆ ತಡಮಾಡದೆ ಜಿಲ್ಲಾಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕರೆದೊಯ್ಯಿರಿ. ಕಿವಿಯ ಪರೀಕ್ಷೆ ಆಗಿರದಿದ್ದರೆ ಅದನ್ನೂ ಮಾಡಿಸಿ. ಲಸಿಕೆಗೆ ಮಾತ್ರ ಏನೂ ಕಳೆಯುವಂತಿಲ್ಲ. ಹುಟ್ಟಿದ ದಿನದಿಂದಲೇ ಲೆಕ್ಕ ಹಾಕಿ 6, 10, 14ನೇ ವಾರಕ್ಕೆ ಹಾಕಿಸಬೇಕು.

ಪ್ರಶ್ನೆ: ನಾಳೆ ಮಗುವನ್ನು ಮನೆಗೆ ಕರೆದೊಯ್ಯುತ್ತೇವೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬಜೆ ನೆಕ್ಕಿಸುವುದು ಮಾಡಬಹುದೇ?
— ಅತ್ತೆ ಮತ್ತು ಸೊಸೆ, ಧಾರವಾಡ

ಉತ್ತರ: ಹೊಗೆ ಬೇಡವೇ ಬೇಡ. ಈಗಷ್ಟೇ ಚೇತರಿಸಿಕೊಂಡ ಶ್ವಾಸಕೋಶ ಅದು. ಬಜೆ, ಜೇನು, ಸಕ್ಕರೆ ನೀರು ಯಾವುದೂ ಬೇಡ. ಎದೆಹಾಲಿನ ಜೊತೆ ವೈದ್ಯರು ಬರೆದ ವಿಟಮಿನ್ ಡಿ ಮತ್ತು ಕಬ್ಬಿಣಾಂಶದ ಹನಿಗಳು ಸಾಕು. ತೂಕ 2 ಕೆ.ಜಿ. ದಾಟುವವರೆಗೆ ಸ್ನಾನದ ಬದಲು ಬೆಚ್ಚನೆ ಒದ್ದೆಬಟ್ಟೆಯಿಂದ ಒರೆಸಿ. ವೈದ್ಯರು ಒಪ್ಪಿದರೆ ಕೊಬ್ಬರಿ ಎಣ್ಣೆಯನ್ನು ಹಗುರವಾಗಿ ಸವರಿ, ಮೂಗು ಕಿವಿಗೆ ಬಿಡಬೇಡಿ. ನೋಡಲು ಬರುವವರು ಸೋಪಿನಲ್ಲಿ ಕೈ ತೊಳೆದೇ ಮುಟ್ಟಲಿ. ಆಶಾ ಕಾರ್ಯಕರ್ತೆ ಬಂದಾಗ ತೂಕ ನೋಡಿಸಿ.

ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ನಿಮಿಷಕ್ಕೆ 60 ಮೀರಿದ ಉಸಿರು, ಪಕ್ಕೆ ಒಳಸೇದುವುದು, ಉಸಿರು ನಿಂತು ನೀಲಿಯಾಗುವುದು, ಅಂಗೈ ಅಂಗಾಲು ಹಳದಿಯಾಗುವುದು, ಫಿಟ್ಸ್ ಬರುವುದು: ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಮಗುವನ್ನು ಎದೆಗೆ ಕಟ್ಟಿಕೊಂಡೇ ಹೊರಡಿ, ದಾರಿಯಲ್ಲಿ ಬೆಚ್ಚಗಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗಿನ ಮಗುವಿನ ಚಿಕಿತ್ಸೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ, ಖರ್ಚಿಗೆ ಹೆದರಿ ತಡಮಾಡುವ ಅಗತ್ಯವಿಲ್ಲ. ಡಿಸ್‌ಚಾರ್ಜ್ ಕಾರ್ಡ್ ಮರೆಯದೆ ತನ್ನಿ. ಮಗುವಿಗೆ ಈವರೆಗೆ ಏನಾಗಿದೆ, ಏನು ಕೊಟ್ಟಿದ್ದಾರೆ ಎಂಬುದು ಮುಂದಿನ ವೈದ್ಯರಿಗೆ ತಿಳಿಯುವುದು ಅದರಿಂದಲೇ.