ಜಿಪ್ಸಂ ಗೋಡೆಯ ಸಂದು: ಆಯ್ಕೆ ಮತ್ತು ಲೆಕ್ಕ

ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದಲ್ಲಿ ಮಳಿಗೆ, ಕಛೇರಿಗಳಿಗೆ ಜಿಪ್ಸಂ ಬೋರ್ಡಿನ ಅಡ್ಡಗೋಡೆ ಹಾಕಿಸುವ ಸದಸ್ಯರು ಬೋರ್ಡಿನ ದರವನ್ನು ಚೌಕಾಸಿ ಮಾಡಿ, ಸಂದು ತುಂಬುವ ಸಾಮಗ್ರಿಯನ್ನು ಕೆಲಸಗಾರರಿಗೇ ಬಿಟ್ಟುಬಿಡುವುದುಂಟು. ಬಿರುಕು ಮೊದಲು ಕಾಣಿಸಿಕೊಳ್ಳುವುದು ಸಂದಿನಲ್ಲಿಯೇ.

ಜಾಯಿಂಟ್ ಕಾಂಪೌಂಡಿನಲ್ಲಿ ಮುಖ್ಯವಾಗಿ ಎರಡು ಬಗೆ. ಡಬ್ಬಿಯಲ್ಲಿ ಬರುವ ಸಿದ್ಧ ಕಾಂಪೌಂಡ್ ನೀರು ಆರಿ ಗಟ್ಟಿಯಾಗುತ್ತದೆ. ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕರಾವಳಿಯ ತೇವದಲ್ಲಿ ನಿಧಾನ. ಹಸಿ ಪದರದ ಮೇಲೆ ಇನ್ನೊಂದು ಪದರ ಬಳಿದರೆ ಕುಗ್ಗಿ ಬಿರುಕು ಬಿಡುತ್ತದೆ. ಸೆಟ್ಟಿಂಗ್ ಮಾದರಿಯ ಜಿಪ್ಸಂ ಪುಡಿಯು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವುದರಿಂದ ಮಳೆಗಾಲಕ್ಕೆ ಯೋಗ್ಯ. ಆದರೆ ಕಲಸಿದ್ದನ್ನು ಚೀಲದಲ್ಲಿ ನಮೂದಿಸಿದ ಅವಧಿಯೊಳಗೆ ಮುಗಿಸತಕ್ಕದ್ದು.

ಕಾಗದದ ಟೇಪು ಸಂದಿಗೆ ಹೆಚ್ಚು ಬಲ ನೀಡುತ್ತದೆ. ಮೂಲೆಗೆ ಮಡಚಲೂ ಸುಲಭ. ಅಂಟುಳ್ಳ ಫೈಬರ್ ಜಾಲರಿ ಟೇಪು ಬಳಸುವುದಾದರೆ ಮೊದಲ ಪದರ ಸೆಟ್ಟಿಂಗ್ ಪುಡಿಯದ್ದೇ ಆಗಿರಬೇಕು.

ಇನ್ನು ಲೆಕ್ಕದ ವಿಚಾರ. ಸ್ವಂತ ಕಟ್ಟಡದ ನಿರ್ಮಾಣ, ನವೀಕರಣ ಅಥವಾ ದುರಸ್ತಿಯ ವೆಚ್ಚವನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಿದ ಮಟ್ಟಿಗೆ, 2017ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮಿನಂತೆ ಹೂಡುವಳಿ ತೆರಿಗೆ ಜಮೆ ದೊರೆಯದು. ಅಲ್ಲಿ ತೆರಿಗೆಯೂ ನಮ್ಮ ವೆಚ್ಚವೇ. ಆದಕಾರಣ ದರಪಟ್ಟಿಗಳನ್ನು ತೆರಿಗೆ ಸಹಿತ ಹೋಲಿಸಿರಿ. ಕಾಂಪೌಂಡ್, ಟೇಪುಗಳ ಬಗೆ ಹಾಗೂ ಪದರಗಳ ಸಂಖ್ಯೆಯನ್ನು ಅದರಲ್ಲಿಯೇ ಬರೆಯಿಸಿಕೊಳ್ಳಿರಿ. ಬರಹದಲ್ಲಿಲ್ಲದ ಗುಣಮಟ್ಟವನ್ನು ಬಿಲ್ಲು ಪಾವತಿಸುವಾಗ ಕೇಳುವುದು ಕಷ್ಟ.